ಕುಬಸಕ್ಕ ಸೊಸಿ ಯಾಕ ಬರಲಿಲ್ಲ ಅಂದ್ರ

ಹ್ವಾದ ಐತವಾರ ನಮ್ಮ ನಾದಿನಿ ಮಗಳ ಕುಬಸ ಆತು. ಹಸರ ಸೀರಿ, ಹಸರ ಬಳಿ, ಐದು ನಮೂನಿ ಉಂಡಿ, ಎಲ್ಲಾ ಛೊಲೊ ಆತು. ಬಂದವರೆಲ್ಲಾ ನನಗ ಕೇಳಿದ್ದು ಒಂದ ಪ್ರಶ್ನಿ, "ಸೊಸಿ ಯಾಕ ಬಂದಿಲ್ಲ?" ನಾನು "ಪರೀಕ್ಷಾ ಅದ" ಅಂದೆ. "ಮದುವಿ ಆಗಿ, ನಾಕು ವರ್ಷದ ಕೂಸಿನ ತಾಯಿ ಆದ ಮ್ಯಾಲೆ ಎಂಥಾ ಪರೀಕ್ಷಾ?" ಅಂತ ಕಾಕು ಒಬ್ಬರು ಅಂದ್ರು. ಉಳದವರು ನಕ್ರಿ. ಕೋಸಂಬರಿ ಬಡಸ್ಕೋತ ಅದಕ್ಕೆಲ್ಲಾ ಉತ್ತರಾ ಹೇಳ್ಲಿಕ್ಕೆ ಆಗೂದಿಲ್ಲ. ಅದಕ್ಕ ಇಲ್ಲೆ ಬರೀಲಿಕ್ಕತ್ತೇನಿ. ಒಂಚೂರು ಉದ್ದ ಆಗ್ತದ, ಚಹಾ ಮಾಡ್ಕೊಂಡು ಕೂಡ್ರಿ.

ಪರೀಕ್ಷಾದ ಹೆಸರು "ಜ್ಯಾಮ್". ಬ್ರೆಡ್ಡಿಗೆ ಹಚ್ಚೂದಲ್ಲ. ಬಿ.ಎಸ್ಸಿ. ಆದವರು ಐಐಟಿಗಳೊಳಗ ಎಂ.ಎಸ್ಸಿ. ಮಾಡಬೇಕಂದ್ರ ಬರಿಯೋ ಪ್ರವೇಶ ಪರೀಕ್ಷಾ ಅದು. 2004ರಿಂದ ನಡದದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರ ಬೆಂಗಳೂರು ಮಂದಿ ಇನ್ನೂ "ಟಾಟಾ ಇನ್‌ಸ್ಟಿಟ್ಯೂಟ್" ಅಂತಾರಲ್ಲ, ಅಲ್ಲಿ ಎಂ.ಎಸ್ಸಿ. ಮತ್ತ ಪಿಎಚ್.ಡಿ. ಕೂಡಿಸಿ ಓದೋ ಕೋರ್ಸಿಗೂ ಇದರ ಅಂಕಾ ನೋಡಿ ಸಂದರ್ಶನಕ್ಕ ಕರೀತಾರ. ನಮ್ಮ ಸೊಸಿ ಬಿ.ಎಸ್ಸಿ.ಯೊಳಗ ರಸಾಯನಶಾಸ್ತ್ರ ಓದಿದಾಕಿ. ಆಕಿ ಕಣ್ಣು ಆ ಟಾಟಾ ಇನ್‌ಸ್ಟಿಟ್ಯೂಟಿನ ಮ್ಯಾಲೆನ ಅದ.

ನಿಮಗ ಹೆಂಗ ಹೇಳಬೇಕೋ ತಿಳೀಲಿಲ್ಲ. ಅದಕ್ಕ ಆ ಬಾಗಲಾ ಹೆಣ್ಣಮಕ್ಕಳಿಗೆ ಹೆಂಗ ತೆರೀತು ಅನ್ನೋ ಕತಿಯಿಂದ ಸುರು ಮಾಡ್ತೇನಿ. ಇದು ಕಟ್ಟಿದ ಕತಿ ಅಲ್ಲ, ನಡದದ್ದು.

ನಮ್ಮ ದೇಶದೊಳಗ ಮುಂಬಯಿ, ಕಲಕತ್ತಾ, ಮದರಾಸು, ಈ ಮೂರೂ ವಿಶ್ವವಿದ್ಯಾಲಯ ಸುರು ಆಗಿದ್ದು 1857ರಾಗ. ಹೆಣ್ಣಮಕ್ಕಳು ಅಲ್ಲಿ ಪರೀಕ್ಷಾಕ್ಕ ಕೂಡಬಹುದು ಅಂತ ಆಗ ಯಾರ ತಲಿಯೊಳಗೂ ಇರಲಿಲ್ಲ. ಕಲಕತ್ತಾದಾಗ 1878ರಾಗ ಕಾದಂಬಿನಿ ಬಸು ಅನ್ನೋ ಹುಡಿಗಿ ಪ್ರವೇಶ ಪರೀಕ್ಷಾ ಪಾಸಾದ್ಲು. ಮುಂದ 1883ರಾಗ ಆಕಿ ಮತ್ತ ಚಂದ್ರಮುಖಿ ಬಸು ಇಬ್ಬರೂ ಪದವಿ ತಗೊಂಡ್ರು. ಚಂದ್ರಮುಖಿ ಅಷ್ಟಕ್ಕ ನಿಲ್ಲದ ಮರುವರ್ಷ ಎಂ.ಎ. ಮಾಡಿದ್ಲು. ಕಾದಂಬಿನಿ ಪದವಿ ಆದ ವರ್ಷಾನ ಮದುವಿ ಆದ್ಲು. "ಮದುವಿ ಆದ ಮ್ಯಾಲೆ ಎಂಥಾ ಓದು" ಅಂತೀರಲ್ಲ, ಕೇಳ್ರಿ. ಆಕಿ ವೈದ್ಯಕೀಯ ಓದಿದ್ದು ಮದುವಿ ಆದ ಮ್ಯಾಲೇನ. 1893ರಾಗ ಮನಿಯೊಳಗ ಮಕ್ಕಳನ್ನ ಬಿಟ್ಟು ಹಡಗ ಹತ್ತಿ ವಿಲಾಯತಿಗೆ ಹೋಗಿ, ಇನ್ನಷ್ಟು ಓದಿ ಬಂದು ಡಾಕ್ಟರಕಿ ಮಾಡಿದ್ಲು. ನೂರಾ ಮೂವತ್ತು ವರ್ಷದ ಹಿಂದಿನ ಮಾತಿದು. ನಾವು ಒಂದು ಕುಬಸ ತಪ್ಪಿಸಿದ್ದಕ್ಕ ಬಾಯಿ ಮಾಡ್ತೇವಿ.

ಇನ್ನ ನಮ್ಮ ಕಡೆ. ಧಾರವಾಡದಾಗ ಕರ್ನಾಟಕ ಕಾಲೇಜು ಸುರು ಆಗಿದ್ದು 1917ರಾಗ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಾಗ. ಅಲ್ಲೀತನಕಾ ನಮ್ಮ ಭಾಗಕ್ಕ ಮುಂಬಯಿ ವಿಶ್ವವಿದ್ಯಾಲಯಾನ ಗತಿ. ಗಂಡಹುಡುಗರಿಗೇನ ದೂರದ ಓದು ಕಷ್ಟ ಇತ್ತು, ಹೆಣ್ಣಮಕ್ಕಳ ಮಾತು ಬಿಡ್ರಿ.

ಈಗ ನಾ ಹೇಳಬೇಕಂತಿರೋ ಕಮಲಾಬಾಯಿ ಕತಿಗೆ ಬರ್ತೇನಿ. ಕಮಲಾ ಭಾಗವತ ಅಂತ. ಮದುವಿ ಆದ ಮ್ಯಾಲೆ ಕಮಲಾ ಸೊಹೊನಿ ಆದ್ರು. ಹುಟ್ಟಿದ್ದು ಇಂದೂರಿನಾಗ. ಅವರ ಅಪ್ಪ, ಕಾಕಾ ಇಬ್ಬರೂ ರಸಾಯನಶಾಸ್ತ್ರ ಓದಿದವರು, ಅದೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಮೊದಮೊದಲಿನ ವಿದ್ಯಾರ್ಥಿಗಳಾಗಿದ್ದವರು. ಕಮಲಾ 1933ರಾಗ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯೊಳಗ ಎಲ್ಲಾರಿಗಿಂತ ಮುಂದ ಬಂದ್ರು. ಅಪ್ಪ ಓದಿದಲ್ಲೇ ತಾನೂ ಓದಬೇಕಂತ ಅರ್ಜಿ ಹಾಕಿದ್ರು. ಆಗ ಅಲ್ಲಿ ಡೈರೆಕ್ಟರ್ ಆಗಿ ಬಂದವರು ನೋಬೆಲ್ ತಗೊಂಡಿದ್ದ ಸಿ.ವಿ. ರಾಮನ್. ಅವರು ಅರ್ಜಿ ವಾಪಸ್ ಕಳಿಸಿದ್ರು. ಅಂಕಾ ಕಡಿಮಿ ಅಂತಲ್ಲ, ಹೆಣ್ಣು ಅಂತ.

ಅವಾಗ ಪ್ರವೇಶ ಪರೀಕ್ಷಾ ಅಂತ ಒಂದು ಇದ್ದಿದ್ರ "ಬರದು ತೋರಸ್ತೇನಿ" ಅನ್ನಬಹುದಿತ್ತು. ಇರಲಿಲ್ಲ. ಮ್ಯಾಲೆ ಕೂತವರು ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ. ಕಮಲಾ ಬೆಂಗಳೂರಿಗೇ ಹೋಗಿ ಅವರ ಆಫೀಸಿನ ಮುಂದ ಸತ್ಯಾಗ್ರಹ ಮಾಡಿದ್ರು. ಗಾಂಧಿ ಕಾಲ ನೋಡ್ರಿ, ಆಕಿಗೆ ಗೊತ್ತಿದ್ದ ಹತ್ಯಾರ ಅದೇ. ಕಡೀಕ ರಾಮನ್ ಒಪ್ಪಿದ್ರು. ಆದ್ರ ಶರತ್ತು ಹಾಕಿದ್ರು. ಒಂದು ವರ್ಷ ಆಕಿ ಖಾಯಂ ವಿದ್ಯಾರ್ಥಿನಿ ಅಲ್ಲ, ಕೆಲಸಾ ನೋಡಿ ಆಮ್ಯಾಲೆ ಹೇಳ್ತೇವಿ. ಗುರುಗಳು ಹೇಳಿದ್ರ ರಾತ್ರಿ ಎಷ್ಟೊತ್ತಾದ್ರೂ ಕೆಲಸಾ ಮಾಡಬೇಕು. ಆಕಿಯಿಂದ ಅಲ್ಲಿ ಓದೋ ಗಂಡಹುಡುಗರ ಲಕ್ಷ್ಯ ಕೆಡಬಾರದು. ಕಮಲಾ ಶರತ್ತು ಒಪ್ಪಿಕೊಂಡು ಒಳಗ ಹೋದ್ರು. ಆ ಅವಮಾನಾ ಮಾತ್ರ ಕಡೀತನಕಾ ಮರೀಲಿಲ್ಲ.

ಅಲ್ಲಿ ಎಂ. ಶ್ರೀನಿವಾಸಯ್ಯ ಅನ್ನೋ ಗುರುಗಳ ಕೈಯಾಗ ಆಕಿ ಏನ ಕೆಲಸಾ ಮಾಡಿದ್ರು ಅಂದ್ರ ನೀವು ನಗ್ತೀರಿ. ಹಾಲು, ಬ್ಯಾಳಿ, ಕಾಳು. ಇವುಗಳೊಳಗಿನ ಪ್ರೋಟೀನು. ನಾವು ದಿನಾ ಒಲಿ ಮ್ಯಾಲೆ ಇಡೂದನ್ನ ಆಕಿ ಲ್ಯಾಬಿನ್ಯಾಗ ಇಟ್ರು. ವರ್ಷ ಆಗೂದ್ರಾಗ ರಾಮನ್ ಅವರಿಗೆ ಆಕಿ ಕೆಲಸಾ ಎಂಥಾದ್ದು ಅಂತ ತಿಳೀತು. ಆಮ್ಯಾಲೆ ಬ್ಯಾರೆ ಹೆಣ್ಣಮಕ್ಕಳನ್ನೂ ತಗೊಳ್ಳಿಕ್ಕೆ ಸುರು ಮಾಡಿದ್ರು. ಕಮಲಾ 1936ರಾಗ ಎಂ.ಎಸ್ಸಿ. ಮುಗಿಸಿ, ಕೇಂಬ್ರಿಜ್‌ಗೆ ಹೋಗಿ 1939ರಾಗ ಪಿಎಚ್.ಡಿ. ತಗೊಂಡ್ರು. ವಿಜ್ಞಾನದಾಗ ಪಿಎಚ್.ಡಿ. ಮಾಡಿದ ಮೊದಲ ಭಾರತೀಯ ಹೆಣ್ಣಮಗಳು ಅಂತ ಅವರನ್ನ ಹೇಳ್ತಾರ. ಆ ಕೇಂಬ್ರಿಜ್ಜೂ ಹೆಣ್ಣಮಕ್ಕಳನ್ನ ಪೂರ್ತಿ ತನ್ನವರು ಅಂತ ಒಪ್ಪಿದ್ದು 1948ರಾಗ. ಬಾಗಲಾ ಬಂದ್ ಮಾಡೂದು ನಮ್ಮ ದೇಶದ್ದಷ್ಟ ಚಟಾ ಅಲ್ಲ.

ವಾಪಸ್ ಬಂದು ದಿಲ್ಲಿ, ಕೂನೂರು, ಮುಂಬಯಿ, ಹಿಂಗ ಕೆಲಸಾ ಮಾಡಿದ್ರು. ಈಚಲ ಮರದ ನೀರಾದೊಳಗ ಎಂಥಾ ಪೋಷಕಾಂಶ ಅವ, ಬಸರಿ ಹೆಂಗಸರಿಗೆ, ಸೊರಗಿದ ಮಕ್ಕಳಿಗೆ ಅದರಿಂದ ಏನು ಆಗ್ತದ ಅಂತ ನೋಡಿದ್ರು. ವಯಸ್ಸಾದ ಮ್ಯಾಲೆ ಮುಂಬಯಿಯ ಗ್ರಾಹಕರ ಸಂಘದಾಗ ಸೇರಿ, ಗಿರಾಕಿಗಳು ಮೋಸ ಹೋಗಬಾರದಂತ ದುಡದ್ರು. 1998ರಾಗ ತೀರ್ಕೊಂಡ್ರು.

ಇದರ ಜೋಡಿ ಇನ್ನೊಂದು ಹೆಸರು, ಅನ್ನಾ ಮಣಿ. ಕೇರಳದಾಕಿ. ಮದರಾಸಿನಾಗ ಬಿ.ಎಸ್ಸಿ. ಆನರ್ಸ್ ಮುಗಿಸಿ, 1940ರಾಗ ಸ್ಕಾಲರ್‌ಶಿಪ್ ಮ್ಯಾಲೆ ಅದೇ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ರಾಮನ್ ಅವರ ಲ್ಯಾಬಿನ್ಯಾಗ ವಜ್ರ, ಮಾಣಿಕ್ಯದ ಬೆಳಕಿನ ಮ್ಯಾಲೆ ಕೆಲಸಾ ಮಾಡಿದ್ಲು. ಕಮಲಾಬಾಯಿ ತೆರದ ಬಾಗಲದಾಗ ಹಾದು ಬಂದಾಕಿ ಅಂತ ನಾ ಅನ್ಕೋತೇನಿ. 1945ರಾಗ ಪಿಎಚ್.ಡಿ.ಗೆ ಪ್ರಬಂಧ ಕೊಟ್ಲು. ಮದರಾಸು ವಿಶ್ವವಿದ್ಯಾಲಯದವರು "ನಿಮ್ಮದು ಎಂ.ಎಸ್ಸಿ. ಆಗಿಲ್ಲ" ಅಂತ ಪದವಿ ಕೊಡಲಿಲ್ಲ. ಐದು ವರ್ಷದ ಕೆಲಸಾ ಹಂಗ ಕಪಾಟಿನ್ಯಾಗ ಉಳೀತು. ಆಕಿ ಅಳಕೋತ ಕೂಡಲಿಲ್ಲ. ಮುಂದ ಹವಾಮಾನ ಇಲಾಖಾದಾಗ ದೊಡ್ಡ ಹುದ್ದೆಗೆ ಏರಿದ್ಲು. ಗಾಳಿ, ಬಿಸಲು ಅಳಿಯೋ ಉಪಕರಣ ನಮ್ಮ ದೇಶದಾಗ ತಯಾರಾಗೂದ್ರಾಗ ಆಕಿ ಕೈ ಭಾಳ ಅದ. ಎಂ.ಎಸ್ಸಿ. ಅನ್ನೋ ಮೂರಕ್ಷರಾ ಇಲ್ಲದ್ದಕ್ಕ ಎಂಥಾಕಿಗೂ ಎಂಥಾ ಏಟು ಬೀಳ್ತದ ನೋಡ್ರಿ. ನಮ್ಮ ಸೊಸಿ ಅದಕ್ಕ ಹಠಾ ಹಿಡದದ್ದು.

ಈಗ ಒಂದು ಮಾತು ಹೇಳಬೇಕು. ಹೇಳ್ಲಿಕ್ಕೆ ನನಗ ಸಂಕೋಚ ಅದ, ಆದ್ರ ಹೇಳದ ಬಿಟ್ರ ಈ ಬರಹಕ್ಕ ಅರ್ಥ ಇಲ್ಲ.

ಕಮಲಾಬಾಯಿಗೆ ಹಾಕಿದ ಶರತ್ತು ಓದುವಾಗ ನನಗ ಸಿಟ್ಟು ಬಂತು. ಆಮ್ಯಾಲೆ ಥಣ್ಣಗಾದೆ. ಯಾಕಂದ್ರ ನಾನೂ ಶರತ್ತು ಹಾಕಿದಾಕೀನ. ಎರಡು ವರ್ಷದ ಹಿಂದ ಸೊಸಿ "ಅತ್ಯಾ, ನಾ ಎಂ.ಎಸ್ಸಿ.ಗೆ ಪರೀಕ್ಷಾ ಬರೀಬೇಕಂತ ಮಾಡೇನಿ" ಅಂದಾಗ, ನಾ ಬ್ಯಾಡ ಅನ್ನಲಿಲ್ಲ. ಬ್ಯಾಡ ಅನ್ನೋ ಅತ್ತಿ ನಾನಲ್ಲ ಅಂತ ನನಗ ಭಾಳ ಹೆಮ್ಮಿ. "ಓದು, ಆದ್ರ ಅಡಗಿ, ಕೂಸು, ಬಂದುಹೋಗೋರು ಎಲ್ಲಾ ಮುಗಿಸಿ ಆಮ್ಯಾಲೆ ಓದು" ಅಂದೆ. ಆಕಿ ಹೂಂ ಅಂದ್ಲು. ಹ್ವಾದ ವರ್ಷ ಜನವರಿಯೊಳಗ, ಪರೀಕ್ಷಾ ತಿಂಗಳೂ ಇರಲಿಲ್ಲ, ನಮ್ಮ ಅಣ್ಣನ ಮಗನ ಮದುವಿ ಬಂತು. ವೈನಿಗೆ ಕೈಲಾಗೂದಿಲ್ಲಂತ ಸೊಸೀನ್ನ ಕಳಿಸಿದೆ. ಮದುವಿ ಮುಗಿಸಿ, ಸತ್ಯನಾರಾಯಣ ಮುಗಿಸಿ, ಭಾಂಡೆ ಎಣಿಸಿ ಕೊಟ್ಟು ಬಂದ್ಲು. ಫೆಬ್ರುವರಿಯೊಳಗ ಪರೀಕ್ಷಾ ಬರದ್ಲು. ಆಗಲಿಲ್ಲ. "ಇರಲಿ ಬಿಡು, ನಸೀಬಾ" ಅಂದೆ. ಆಕಿ ಏನೂ ಅನ್ನಲಿಲ್ಲ.

ಮುಂದ ಒಂದಿನಾ ರದ್ದಿ ಹಾಕ್ಲಿಕ್ಕೆ ಅಂತ ಮಾಡ ಹುಡುಕುವಾಗ ಆಕಿ ನೋಟಬುಕ್ ಸಿಕ್ತು. ಆಕಿಗೆ ಪ್ರತಿ ಪುಟದ ಮ್ಯಾಲೆ ತಾರೀಖು ಹಾಕೋ ರೂಢಿ ಅದ. ಒಂದು ದಿನಾನೂ ಬಿಟ್ಟಿರಲಿಲ್ಲ. ಕೂಸಿಗೆ ಜ್ವರಾ ಬಂದ ದಿನಾನೂ ಅರ್ಧ ಪುಟ ಇತ್ತು. ಜನವರಿ 8 ಆದ ಮ್ಯಾಲೆ ಜನವರಿ 25. ನಡುವ ಒಂದು ಖಾಲಿ ಹಾಳಿ ಬಿಟ್ಟಿದ್ಲು. ಅದರ ಮ್ಯಾಲೆ ಏನೂ ಬರದಿರಲಿಲ್ಲ. ಬೈದು ಬರದಿದ್ರ ನಾನೂ ಒಂದು ಮಾತು ತಿರಗಿ ಅಂತಿದ್ದೆ. ಖಾಲಿ ಹಾಳಿಗೆ ಏನ ಅನ್ಲಿ? ಹದಿನಾರು ದಿನಾ ಎಣಿಸಿ, ನೋಟಬುಕ್ ಇದ್ದಲ್ಲೇ ಇಟ್ಟೆ.

ರಾಮನ್ ಒಂದು ವರ್ಷಕ್ಕ ಬದಲಾದ್ರು. ನಾನೂ ಒಂದು ವರ್ಷಕ್ಕ ಬದಲಾದೆ ಅಂತ ಬರೀಬಹುದು. ಖರೆ ಅಂದ್ರ ಆ ಸಂಜೀನ ಬದಲಾದೆ.

ಈ ವರ್ಷ ಏನ ಮಾಡಿದ್ವಿ ಅಂತ ಹೇಳ್ತೇನಿ, ನಿಮ್ಮ ಮನಿಯೊಳಗೂ ಯಾರರೆ ಓದೋರಿದ್ರ ಉಪಯೋಗ ಆದೀತು. ಮುಂಜಾನೆ ನಾಕೂವರಿಯಿಂದ ಏಳರ ತನಕಾ ಆಕಿ ಒಲಿ ಕಡೆ ಬರಬಾರದು. ಚಹಾ ನಾ ಮಾಡ್ತೇನಿ, ಡಬ್ಬಿ ನಮ್ಮ ಮಗಾ ಕಟ್ಟತಾನ. ಮೊದಲನೇ ವಾರ ಅವನ ಅವಲಕ್ಕಿ ಒಗ್ಗರಣಿಗೆ ಉಪ್ಪ ಇರಲಿಲ್ಲ, ಈಗ ಇರ್ತದ. ಐತವಾರ ಮೂರು ತಾಸು ಹಳೇ ಪ್ರಶ್ನಪತ್ರಿಕಿ. ಆವಾಗ ನಾ ಮೊಮ್ಮಗನ್ನ ಕರಕೊಂಡು ಸಾಧನಕೇರಿಗೆ ಹೋಗ್ತೇನಿ. ಫೋನ್ ಬಂದ್ರ "ಆಕಿ ಮನ್ಯಾಗಿಲ್ಲ" ಅಂತ ಸುಳ್ಳು ಹೇಳೀನಿ, ನಿಮ್ಮಲ್ಲಿ ನಾಲ್ಕು ಮಂದಿಗೆ. ತಪ್ಪಾತು.

ಪರೀಕ್ಷಾದ ರೀತೀನೂ ಬ್ಯಾರೆ ಅದ. ಕಂಪ್ಯೂಟರದಾಗ ಮೂರು ತಾಸು, 60 ಪ್ರಶ್ನಿ, 100 ಅಂಕಾ. ಮೊದಲಿನ 30 ಪ್ರಶ್ನಿಗೆ ಒಂದ ಸರಿ ಉತ್ತರ. ತಪ್ಪಿದ್ರ ಆ ಪ್ರಶ್ನಿದ ಅಂಕಾದ ಮೂರರಾಗ ಒಂದು ಪಾಲು ಕತ್ತರಿ. ಮುಂದಿನ 10ಕ್ಕ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು, ಎಲ್ಲಾ ಆರಿಸಿದ್ರ ಮಾತ್ರ ಅಂಕಾ. ಕಡೀ 20ಕ್ಕ ಲೆಕ್ಕಾ ಮಾಡಿ ಸಂಖ್ಯಾನ ಬರೀಬೇಕು. ಈ ಎರಡು ಭಾಗದಾಗ ಕತ್ತರಿ ಇಲ್ಲ. ನಮ್ಮ ಕ್ಯಾಲ್ಕ್ಯುಲೇಟರ್ ಒಯ್ಯಂಗಿಲ್ಲ, ತೆರಿ ಮ್ಯಾಲೆ ಇರ್ತದ, ಇಲಿ ಹಿಡದು ಒತ್ತಬೇಕು. ಹ್ವಾದ ವರ್ಷ ಅದರಾಗೇನ ಆಕಿ ಹೊತ್ತು ಕಳಕೊಂಡಿದ್ಲು. ಈ ವರ್ಷ ಮನ್ಯಾಗ ಅಕ್ಟೋಬರದಿಂದ ಕಂಪ್ಯೂಟರ ಮ್ಯಾಲೇನ ಲೆಕ್ಕಾ ಮಾಡಿದ್ಲು. "ಅಂದಾಜಿನ ಮ್ಯಾಲೆ ಗುರ್ತು ಹಾಕಬಾರದು ಅತ್ಯಾ, ಗೊತ್ತಿಲ್ಲಂದ್ರ ಬಿಡಬೇಕು" ಅಂತ ನನಗ ಹೇಳಿಕೊಟ್ಲು. ಎಂಥಾ ಶಾಣ್ಯಾ ಮಾತು. ನಾವು ಮಂದಿ ಬಗ್ಗೆ ಮಾತಾಡುವಾಗೂ ಹಂಗ ಕತ್ತರಿ ಇದ್ದಿದ್ರ ಛೊಲೊ ಇತ್ತು.

ಈ ಪ್ರವೇಶ ಪರೀಕ್ಷಾದ ಬಗ್ಗೆ ಬೈಯೋರು ಭಾಳ ಮಂದಿ ಇದ್ದಾರ. ಕೋಚಿಂಗಿಗೆ ರೊಕ್ಕಾ ಇದ್ದವರಿಗೆ ಅನುಕೂಲ, ಹಳ್ಳಿ ಹುಡುಗ್ರಿಗೆ ಕಠಿಣ ಅಂತಾರ. ಅದೂ ಖರೆ. ಆದ್ರ ಆ ಕಂಪ್ಯೂಟರ "ಮದುವಿ ಆಗೇದ ಏನು? ಕೂಸು ಎಷ್ಟು ದೊಡ್ಡದು? ಮನ್ಯಾಗ ಅಡಗಿ ಯಾರು ಮಾಡ್ತಾರ?" ಅಂತ ಕೇಳೂದಿಲ್ಲ. ಈ ಪರೀಕ್ಷಾಕ್ಕ ವಯಸ್ಸಿನ ಕಟ್ಟೂ ಇಲ್ಲ. ಹೆಣ್ಣಮಕ್ಕಳಿಗೆ ಅರ್ಜಿ ಫೀನೂ ಕಡಿಮಿ. ಕಮಲಾಬಾಯಿ ಹೊರಗ ನಿಂತ ಬಾಗಲದಾಗ ಈಗ ಒಂದು ಪ್ರಶ್ನಪತ್ರಿಕಿ ಕೂತದ. ಆ ಪ್ರಶ್ನಿ ಕೇಳೋರು ಈಗ ಉಳದಿದ್ದು ಮನ್ಯಾಗ, ಕುಬಸದಾಗ. ನಾವು.

ಐತವಾರ ನೀವೆಲ್ಲಾ ಬಸರಿಗೆ ಆರತಿ ಮಾಡುವಾಗ ಸೊಸಿ ಬ್ಯಾರೆ ಊರಾಗ ಪರೀಕ್ಷಾ ಕೇಂದ್ರದ ಒಳಗಿದ್ಲು. ನಮ್ಮ ಮಗಾ ಹೊರಗ ಕೂಸನ್ನ ಹೊತ್ಕೊಂಡು ನಿಂತಿದ್ದ. ಹಿಂದಿನ ರಾತ್ರಿ ಹೊರಡುವಾಗ ಆಕಿ ನಮಸ್ಕಾರ ಮಾಡ್ಲಿಕ್ಕೆ ಬಗ್ಗಿದಾಗ ನಾ "ಆ ಹದಿನಾರು ದಿನಾ ನಂದು ತಪ್ಪಾತವಾ" ಅಂದೆ. ನೋಟಬುಕ್ ನೋಡೇನಿ ಅಂತ ಆಕಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನ ನಿಂತ್ಲು. ಆಮ್ಯಾಲೆ "ಅತ್ಯಾ, ಬಸ್ಸು ತಪ್ತದ" ಅಂದು ನನ್ನ ಕೈ ಒತ್ತಿ ಹೋದ್ಲು.

ರಿಜಲ್ಟು ಮಾರ್ಚಿನ್ಯಾಗ. ಆದ್ರ ಬೆಂಗಳೂರಿನ ಸಂದರ್ಶನ ಅದ. ಅದೂ ಆದ್ರ ಕೂಸು ನನ್ನ ಕಡೆ ಇರೂದೋ, ನಾನ ಕೂಸಿನ ಜೋಡಿ ಬೆಂಗಳೂರಿಗೆ ಹೋಗೂದೋ ಇನ್ನೂ ಮಾತಾಡಿಲ್ಲ. ಆಗದಿದ್ರ ಮುಂದಿನ ಫೆಬ್ರುವರಿ. ಅದಕ್ಕ ಈಗ ಹೇಳಿ ಇಡ್ತೇನಿ. ಬರೋ ವರ್ಷ ಜನವರಿಯೊಳಗ ಯಾರ ಮನ್ಯಾಗ ಕಾರ್ಯ ಇದ್ರೂ ಭಾಂಡೆ ಎಣಿಸ್ಲಿಕ್ಕೆ ನನ್ನನ್ನ ಕರೀರಿ, ಸೊಸೀನ್ನ ಅಲ್ಲ. ನನಗೇನೂ ಪರೀಕ್ಷಾ ಇಲ್ಲ, ಪೂರಾ ಹದಿನಾರು ದಿನಾ ಬಂದು ಇರ್ತೇನಿ.