ಕಡಿಮೆ ಬೆಲೆಯ ಹಳೆಯ ಕಾರು: ಓಡಿಸುವ ಖುಷಿಯ ಜತೆಗೆ ದಾಖಲೆಯೂ ಸರಿ ಇರಲಿ

ನಿತ್ಯ ಕಚೇರಿಗೆ ಹೋಗಿಬರಲು ಒಂದು ಕಾರು ಬೇಕು. ಬೆಲೆ ಕೈಗೆಟುಕುವಂತಿರಬೇಕು. ಭಾನುವಾರ ಸಕಲೇಶಪುರದ ಕಡೆಗೋ ಮಡಿಕೇರಿಯ ಕಡೆಗೋ ಹೊರಟರೆ ಓಡಿಸುವುದರಲ್ಲಿ ಒಂದಿಷ್ಟು ಖುಷಿಯೂ ಸಿಗಬೇಕು. ಈ ಮೂರು ಬೇಡಿಕೆಗಳನ್ನು ಹೊಸ ಕಾರೊಂದರಲ್ಲಿ ಒಟ್ಟಿಗೆ ಪಡೆಯುವುದು ಕಷ್ಟ. ಆದ್ದರಿಂದಲೇ ಮಧ್ಯಮ ವರ್ಗದ ಅನೇಕರು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯತ್ತ ಮುಖ ಮಾಡುತ್ತಾರೆ.

ಆದರೆ ಹಳೆಯ ಕಾರಿನ ವ್ಯವಹಾರದಲ್ಲಿ ಮಾರುವವರು ಹೇಳುವ ಬೆಲೆ ಮೊದಲ ಖರ್ಚು ಮಾತ್ರ. ವಿಮೆ, ಟೈರು, ಬ್ಯಾಟರಿ, ಬಾಕಿ ದಂಡ, ನೋಂದಣಿ ಶುಲ್ಕ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಸಾರಿಗೆ ಇಲಾಖೆಯ ದಾಖಲೆಯಲ್ಲಿ ಯಾರ ಹೆಸರಿದೆ ಎಂಬುದನ್ನು ಅವಲಂಬಿಸಿ ಅಪಘಾತದ ಹೊಣೆ ನಿರ್ಧಾರವಾಗುತ್ತದೆ. ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಈ ಸಂಗತಿಯನ್ನು ಅರಿತಿರಬೇಕು.

ಖುಷಿ ಇರುವುದು ಎಲ್ಲಿ?

ಓಡಿಸಲು ಹಿತವೆನಿಸುವ ಕಾರು ಎಂದರೆ ಅತಿವೇಗದ ಕಾರು ಎಂದೇನೂ ಅಲ್ಲ. ಕಡಿಮೆ ತೂಕ, ಹೇಳಿದಂತೆ ಕೇಳುವ ಸ್ಟಿಯರಿಂಗ್, ಸಲೀಸಾಗಿ ಬೀಳುವ ಗೇರ್, ತಿರುವಿನಲ್ಲಿ ತೂಗಾಡದ ಸಸ್ಪೆನ್ಷನ್ ಇವಿಷ್ಟು ಇದ್ದರೆ 80ರಿಂದ 100 ಅಶ್ವಶಕ್ತಿಯ ಎಂಜಿನ್ ಸಾಕಾಗುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ದಿನವೂ ಓಡಿಸುವವರಿಗೆ ಕ್ಲಚ್ ಹಗುರವಾಗಿರುವುದು, ರಸ್ತೆ ಉಬ್ಬುಗಳಿಗೆ ಕಾರಿನ ತಳ ತಾಗದಿರುವುದು ಗರಿಷ್ಠ ವೇಗಕ್ಕಿಂತ ಮುಖ್ಯ.

ಈ ದೃಷ್ಟಿಯಿಂದ ಕೆಲವು ಮಾದರಿಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. 2005ರಲ್ಲಿ ಭಾರತಕ್ಕೆ ಬಂದ ಮಾರುತಿ ಸ್ವಿಫ್ಟ್ ಅವುಗಳಲ್ಲಿ ಮೊದಲನೆಯದು. 2018ರಲ್ಲಿ ಬಂದ ಮೂರನೇ ಪೀಳಿಗೆಯ ಪೆಟ್ರೋಲ್ ಸ್ವಿಫ್ಟ್‌ನ ತೂಕ ಸುಮಾರು 900 ಕಿಲೋಗ್ರಾಂ ಮಾತ್ರ. ಬಿಡಿಭಾಗಗಳು ತಾಲ್ಲೂಕು ಕೇಂದ್ರಗಳಲ್ಲೂ ದೊರೆಯುತ್ತವೆ. ಬೇಡಿಕೆ ಹೆಚ್ಚಿರುವುದರಿಂದ ಬೆಲೆ ಮಾತ್ರ ಸುಲಭವಾಗಿ ಇಳಿಯುವುದಿಲ್ಲ.

ಫೋರ್ಡ್ ಫಿಗೊ 2010ರಲ್ಲಿ ಬಂತು. 2015ರ ಎರಡನೇ ಪೀಳಿಗೆಯಲ್ಲಿ 1.5 ಲೀಟರಿನ, 100 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇತ್ತು. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಆದ್ದರಿಂದ ಕೊಳ್ಳುವ ಮುನ್ನ ತಮ್ಮ ಊರಿನಲ್ಲಿ ಸರ್ವಿಸ್ ಹಾಗೂ ಬಿಡಿಭಾಗದ ವ್ಯವಸ್ಥೆ ಹೇಗಿದೆ ಎಂದು ವಿಚಾರಿಸುವುದು ಅಗತ್ಯ. ಫಿಯೆಟ್ ಪುಂಟೊಗೂ ಈ ಮಾತು ಅನ್ವಯಿಸುತ್ತದೆ. ಅದರ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್, ರಿಟ್ಜ್ ಮೊದಲಾದ ಕಾರುಗಳಲ್ಲೂ ಬಳಕೆಯಾಗಿದ್ದರಿಂದ ಅದನ್ನು ಬಲ್ಲ ಮೆಕ್ಯಾನಿಕ್‌ಗಳು ಎಲ್ಲೆಡೆ ಇದ್ದಾರೆ. ಆದರೆ ಎಂಜಿನ್ ಸಿಕ್ಕರೂ ಹೆಡ್‌ಲೈಟು, ಬಂಪರ್ ಸಿಗುವುದು ಸುಲಭವಲ್ಲ.

ಫೋಕ್ಸ್‌ವ್ಯಾಗನ್ ಪೋಲೊ 2010ರಿಂದ 2022ರವರೆಗೆ ಇಲ್ಲಿ ಮಾರಾಟವಾಯಿತು. 2013ರ ಜಿಟಿ ಟಿಎಸ್ಐ 105 ಅಶ್ವಶಕ್ತಿಯದು, 2020ರ 1.0 ಲೀಟರ್ ಟರ್ಬೊ 110 ಅಶ್ವಶಕ್ತಿಯದು. ಜಿಟಿ ಟಿಎಸ್ಐನ ಏಳು ಗೇರುಗಳ ಸ್ವಯಂಚಾಲಿತ ಗೇರ್‌ಬಾಕ್ಸ್ ಕೆಟ್ಟರೆ ದುರಸ್ತಿ ದುಬಾರಿ. ಸರ್ವಿಸ್ ದಾಖಲೆ ಇಲ್ಲದ ಇಂತಹ ಕಾರನ್ನು ಅಗ್ಗವಾಗಿ ಸಿಕ್ಕಿತೆಂದು ಕೊಳ್ಳುವುದು ಜಾಣತನವಲ್ಲ. 2017ರಲ್ಲಿ ಬಂದ ಮಾರುತಿ ಬಲೆನೊ ಆರ್‌ಎಸ್ ಕೂಡ ಟರ್ಬೊ ಎಂಜಿನ್‌ನ, ಸಂಖ್ಯೆಯಲ್ಲಿ ವಿರಳವಾದ ಕಾರು.

ಡೀಸೆಲ್ ಬಗ್ಗೆ ಒಂದು ಮಾತು. ದಿನಕ್ಕೆ ಐದಾರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಡೀಸೆಲ್ ಕಾರಿನಿಂದ ಲಾಭವಿಲ್ಲ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಸದಾ ನಿಧಾನಗತಿಯ ಸಂಚಾರದಲ್ಲೇ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ.

ಏರ್‌ಬ್ಯಾಗ್ ಇದೆಯೇ?

ಹಳೆಯ ಕಾರು ಕೊಳ್ಳುವವರು ಕಡೆಗಣಿಸುವ ಅಂಶವೆಂದರೆ ಸುರಕ್ಷತೆ. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಚಾಲಕರ ಏರ್‌ಬ್ಯಾಗ್ ಅದೇ ವರ್ಷದ ಜುಲೈನಲ್ಲಿ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಕಾರುಗಳ ಕೆಳದರ್ಜೆಯ ಆವೃತ್ತಿಗಳಲ್ಲಿ ಇವೆರಡೂ ಇಲ್ಲದಿರುವುದೇ ಹೆಚ್ಚು.

ವ್ಯತ್ಯಾಸ ಎಷ್ಟೆಂಬುದಕ್ಕೆ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಡಿಕ್ಕಿ ಪರೀಕ್ಷೆ ಉತ್ತಮ ನಿದರ್ಶನ. ಏರ್‌ಬ್ಯಾಗ್ ಇಲ್ಲದ ಪೋಲೊ ಸೊನ್ನೆ ಸ್ಟಾರ್ ಪಡೆಯಿತು. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೊಗೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ಸ್ಟಾರ್ ದೊರೆಯಿತು. ಆದ್ದರಿಂದ ಮಾದರಿಯ ಹೆಸರನ್ನಷ್ಟೇ ನೋಡದೆ ಯಾವ ಆವೃತ್ತಿ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಘಟ್ಟದ ರಸ್ತೆಯ ಖುಷಿ ಬಯಸುವವರು ಅಲಾಯ್ ಚಕ್ರ, ಮ್ಯೂಸಿಕ್ ಸಿಸ್ಟಂಗೆ ಕೊಡುವ ಹೆಚ್ಚುವರಿ ಹಣವನ್ನು ಏರ್‌ಬ್ಯಾಗ್ ಮತ್ತು ಎಬಿಎಸ್ ಇರುವ ಆವೃತ್ತಿಗೆ ಕೊಡುವುದು ಒಳಿತು.

ಬೆಲೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದು ಹೊಸ ಕಾರುಗಳ ಬೆಲೆ ತಗ್ಗಿತು. ಅದಕ್ಕೂ ಹಿಂದಿನ ಬೆಲೆಯನ್ನು ಆಧಾರವಾಗಿಟ್ಟುಕೊಂಡು ಹಳೆಯ ಕಾರಿಗೆ ದರ ಹೇಳಿದರೆ ಒಪ್ಪಬೇಕಾಗಿಲ್ಲ. ಅದೇ ಮಾದರಿಯ ಹೊಸ ಕಾರಿನ ಇಂದಿನ ದರವನ್ನು ತಿಳಿದುಕೊಂಡೇ ಚೌಕಾಶಿಗೆ ಕೂರಬೇಕು. ವಿಮೆ ಪಾಲಿಸಿಯಲ್ಲಿ ನಮೂದಾಗಿರುವ ಘೋಷಿತ ಮೌಲ್ಯವೂ ಒಂದು ಅಂದಾಜು ನೀಡುತ್ತದೆ.

ನೋಂದಾಯಿತ ವ್ಯಾಪಾರಿಯಿಂದ ಕೊಂಡರೆ ಅವರ ಲಾಭಾಂಶದ ಮೇಲೆ ಶೇ 18ರಷ್ಟು ಜಿಎಸ್‌ಟಿ ಇರುತ್ತದೆ. ಒಬ್ಬ ವ್ಯಕ್ತಿ ತನ್ನ ಸ್ವಂತ ಕಾರನ್ನು ಇನ್ನೊಬ್ಬರಿಗೆ ಮಾರಿದರೆ ಈ ತೆರಿಗೆ ಇಲ್ಲ. ಯಾರಿಂದ ಕೊಂಡರೂ ಕೈಯಲ್ಲಿರುವ ಪೂರ್ತಿ ಹಣವನ್ನು ಕಾರಿಗೇ ಸುರಿಯದೆ ಒಂದು ಪಾಲನ್ನು ಮೊದಲ ವರ್ಷದ ದುರಸ್ತಿಗೆಂದು ತೆಗೆದಿರಿಸಬೇಕು. ಎಂಜಿನ್ ಆಯಿಲ್, ಬ್ರೇಕ್ ಪ್ಯಾಡ್, ಟೈಮಿಂಗ್ ಬೆಲ್ಟ್, ಬ್ಯಾಟರಿ ಬದಲಿಸುವ ಖರ್ಚು ಸಾಮಾನ್ಯವಾಗಿ ಬಂದೇ ಬರುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುವುದರಿಂದ, 2023ಕ್ಕಿಂತ ಹಿಂದಿನ ಕಾರುಗಳ ಇಂಧನ ಕೊಳವೆ, ರಬ್ಬರ್ ಭಾಗಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಪರೀಕ್ಷೆ ಹಗಲಿನಲ್ಲೇ ನಡೆಯಲಿ

ಕಾರನ್ನು ಹಗಲು ಬೆಳಕಿನಲ್ಲಿ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳದ ಒಳಗೆ ಕೆನೆಯಂತಹ ಜಿಡ್ಡು ಕಂಡರೆ ಕೂಲೆಂಟ್ ಎಂಜಿನ್ನಿನೊಳಕ್ಕೆ ಸೇರುತ್ತಿರುವ ಶಂಕೆ ಇರುತ್ತದೆ.

ಬಾನೆಟ್, ಬಾಗಿಲು, ಡಿಕ್ಕಿಯ ಅಂಚಿನ ಸಂದುಗಳು ಎರಡೂ ಬದಿಯಲ್ಲಿ ಸಮನಾಗಿರಬೇಕು. ಬೋಲ್ಟ್‌ಗಳ ಬಣ್ಣ ಕಿತ್ತಿದ್ದರೆ ಆ ಭಾಗವನ್ನು ಬಿಚ್ಚಿ ಜೋಡಿಸಲಾಗಿದೆ ಎಂದು ತಿಳಿಯಬೇಕು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು.

ಓಡೋಮೀಟರ್‌ನ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 40 ಸಾವಿರ ಕಿಲೋಮೀಟರ್ ಎಂದು ತೋರಿಸುವ ಕಾರಿನ ಪೆಡಲ್ ರಬ್ಬರ್, ಸ್ಟಿಯರಿಂಗ್, ಚಾಲಕರ ಆಸನ ಪೂರಾ ಸವೆದಿದ್ದರೆ ಅನುಮಾನಿಸಬೇಕು. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಹಿಂದಿನ ಸರ್ವಿಸ್‌ಗಳ ವಿವರವನ್ನು ಮಾಲೀಕರ ಮೂಲಕ ಪಡೆದರೆ ನಿಜ ತಿಳಿಯುತ್ತದೆ. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ಲಿಫ್ಟ್ ಮೇಲೆ ಕಾರನ್ನು ಎತ್ತಿಸಿ ನೋಡುವುದು ಇನ್ನೂ ಉತ್ತಮ.

ನೆರೆ ನೀರಿನಲ್ಲಿ ಮುಳುಗಿದ ಕಾರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. 2015 ಮತ್ತು 2023ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕಾರುಗಳು ಜಲಾವೃತವಾಗಿದ್ದವು. ಇಂತಹ ಕಾರುಗಳನ್ನು ತೊಳೆದು ಒಣಗಿಸಿದರೆ ಹೊರನೋಟಕ್ಕೆ ಏನೂ ಕಾಣದು. ಸೀಟ್ ಬೆಲ್ಟನ್ನು ಪೂರ್ತಿ ಹೊರಕ್ಕೆಳೆದು ಕೆಸರಿನ ಗುರುತು ಇದೆಯೇ ನೋಡಬೇಕು. ಆಸನದ ಕೆಳಗಿನ ಕಬ್ಬಿಣದ ಪಟ್ಟಿಗಳ ತುಕ್ಕು, ಕಾರ್ಪೆಟ್ ಅಡಿಯ ಮುಗ್ಗಲು ವಾಸನೆ, ದೀಪಗಳೊಳಗಿನ ತೇವ ಕೂಡ ಸುಳಿವು ನೀಡುತ್ತವೆ.

ದಾಖಲೆಗಳ ಪರಿಶೀಲನೆ

ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಕಾರಿನ ಮೇಲಿನ ಸಂಖ್ಯೆಗಳಿಗೆ ಹೊಂದಬೇಕು. ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ ಪಡೆದರೆ ನೋಂದಣಿ, ಮಾಲೀಕತ್ವ, ಸಾಲದ ವಿವರಗಳು ತಿಳಿಯುತ್ತವೆ. ಕಾರಿನ ಮೇಲೆ ಸಾಲವಿದ್ದಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರದೊಂದಿಗೆ ನಮೂನೆ 35 ಸಲ್ಲಿಸಿ ಆ ನಮೂದನ್ನು ರದ್ದು ಮಾಡಿಸಿರಬೇಕು.

ಬಾಕಿ ಸಂಚಾರ ದಂಡವನ್ನು ನೋಂದಣಿ ಸಂಖ್ಯೆಯ ಮೂಲಕವೇ ಪರಿಶೀಲಿಸಬಹುದು. ರಾಜ್ಯದಲ್ಲಿ ಬಾಕಿ ದಂಡದ ವಸೂಲಿಗಾಗಿ 2023 ಮತ್ತು 2025ರಲ್ಲಿ ಶೇ 50ರ ರಿಯಾಯಿತಿ ಘೋಷಿಸಬೇಕಾಯಿತು ಎಂಬುದೇ ಬಾಕಿ ಎಷ್ಟು ದೊಡ್ಡದೆಂಬುದನ್ನು ಹೇಳುತ್ತದೆ. 2019ರ ಏಪ್ರಿಲ್‌ಗೆ ಮುಂಚಿನ ಕಾರಾದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಅಳವಡಿಸಲಾಗಿದೆಯೇ ಎಂಬುದನ್ನೂ ಗಮನಿಸಬೇಕು.

ಹೊರರಾಜ್ಯದ ಕಾರು ಅಗ್ಗವೆನಿಸಬಹುದು. ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಬಳಿಕ ಅಲ್ಲಿನ ಕಾರುಗಳು ಇತರ ರಾಜ್ಯಗಳತ್ತ ಬಂದವು. ಇಂತಹ ಕಾರಿಗೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಕಟ್ಟಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಈ ತೆರಿಗೆಯನ್ನು ಸೇರಿಸಿದ ಮೇಲೆ ಅಗ್ಗವೆನ್ನುವುದು ಎಷ್ಟು ಉಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು.

ಸ್ವಂತ ಬಳಕೆಯ ಕಾರಿನ ನೋಂದಣಿಯ ಅವಧಿ 15 ವರ್ಷ. ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದನ್ನು 10,000 ರೂಪಾಯಿಗೆ ಹೆಚ್ಚಿಸಲಾಯಿತು. ಇದರ ಜತೆಗೆ ಹಸಿರು ತೆರಿಗೆಯೂ ಇದೆ. 13-14 ವರ್ಷದ ಕಾರು ಕೊಳ್ಳುವವರು ಈ ವೆಚ್ಚವನ್ನು ಬೆಲೆಯಲ್ಲೇ ಕಳೆಯಬೇಕು.

ಹೆಸರು ಬದಲಾಗದಿದ್ದರೆ ಹೊಣೆ ಯಾರದು?

ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಅಧಿಕಾರಿಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಇವೆ. ‘ಸಹಿ ಹಾಕಿದ ಖಾಲಿ ನಮೂನೆ ಕೈಯಲ್ಲಿದೆ, ಹೆಸರನ್ನು ಆಮೇಲೆ ಬದಲಿಸಿದರಾಯಿತು’ ಎಂಬ ಉದಾಸೀನ ಮಾತ್ರ ಇಂದಿಗೂ ಹೋಗಿಲ್ಲ.

ಇದರ ಪರಿಣಾಮ ಎಷ್ಟು ಗಂಭೀರ ಎಂಬುದಕ್ಕೆ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ನೀಡಿದ ತೀರ್ಪು ಸಾಕ್ಷಿ. ಕಾರೊಂದು ಒಬ್ಬರಿಂದ ಒಬ್ಬರಿಗೆ ಹಲವು ಕೈ ಬದಲಾಗಿತ್ತು. ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಜೀವಹಾನಿ ಸಂಭವಿಸಿತು. ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ನೊಂದವರು ಮಾಲೀಕರನ್ನು ಹುಡುಕುತ್ತಾ ಕೈಯಿಂದ ಕೈಗೆ ಅಲೆಯುವಂತಾಗಬಾರದು ಎಂಬುದು ಈ ನಿಲುವಿನ ಹಿಂದಿನ ಕಾಳಜಿ. ಎರಡು ವರ್ಷದ ಹಿಂದೆಯೇ ಕಾರು ಮಾರಿ ಮರೆತವರಿಗೂ ಒಂದು ದಿನ ನ್ಯಾಯಾಲಯದ ನೋಟಿಸು ಬರಬಹುದು ಎಂಬುದೇ ಇದರ ಸಾರ.

ವ್ಯಾಪಾರಿಗೆ ಕಾರು ಒಪ್ಪಿಸುವವರಿಗಾಗಿ 2023ರ ಏಪ್ರಿಲ್‌ನಿಂದ ಹೊಸ ನಿಯಮ ಜಾರಿಯಲ್ಲಿದೆ. ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದ ವ್ಯಾಪಾರಿಗೆ ಕಾರು ಕೊಟ್ಟು ಅದನ್ನು ಇಲಾಖೆಗೆ ತಿಳಿಸಿದರೆ, ಅಲ್ಲಿಂದ ಮುಂದೆ ಆ ವ್ಯಾಪಾರಿಯನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ವ್ಯಾಪಾರಿಗೆ ಈ ಅಧಿಕಾರಪತ್ರ ಇದೆಯೇ ಎಂದು ಕೇಳುವುದು ಮಾರುವವರ ಹಿತಕ್ಕೆ ಅಗತ್ಯ.

ವಿಮೆಯನ್ನೂ 14 ದಿನಗಳೊಳಗೆ ಹೊಸ ಮಾಲೀಕರ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಹಾಗೆ ಮಾಡದಿದ್ದರೆ ಸ್ವಂತ ಕಾರಿಗೆ ಆದ ಹಾನಿಗೆ ಪರಿಹಾರ ಸಿಗದೇ ಹೋಗಬಹುದು. ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ಹಳೆಯ ಮಾಲೀಕರ ರಿಯಾಯಿತಿ ಕೊಂಡವರಿಗೆ ದೊರೆಯದು ಎಂಬುದನ್ನು ವೆಚ್ಚ ಅಂದಾಜಿಸುವಾಗಲೇ ನೆನಪಿಡಬೇಕು.

ಒಟ್ಟಾರೆ ಕ್ರಮ ಹೀಗಿರಲಿ: ಮೊದಲು ದಾಖಲೆ, ಆಮೇಲೆ ಮೆಕ್ಯಾನಿಕ್‌ನ ತಪಾಸಣೆ, ನಂತರ ಚೌಕಾಶಿ. ಮುಂಗಡವನ್ನು ಬ್ಯಾಂಕ್ ಮೂಲಕ ಪಾವತಿಸಿ ರಸೀದಿ ಪಡೆಯಬೇಕು. ಕಾರು ಒಪ್ಪಿಸಿಕೊಂಡ ದಿನಾಂಕ ಮತ್ತು ಸಮಯವನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಪೂರ್ತಿ ಹಣ ಕೈಸೇರುವ ಹೊತ್ತಿಗೆ ಹೆಸರು ಬದಲಾವಣೆಯ ಅರ್ಜಿ ಸಲ್ಲಿಕೆಯಾಗಿರುವಂತೆ ಇಬ್ಬರೂ ನೋಡಿಕೊಳ್ಳಬೇಕು. ಘಟ್ಟದ ರಸ್ತೆಯ ಪ್ರವಾಸವನ್ನು ಹೊಸ ಆರ್‌ಸಿ ಕೈಗೆ ಬಂದ ಮೇಲೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.