ದೀರ್ಘಕಾಲೀನ ಕಾಯಿಲೆಯುಳ್ಳ ಹದಿಹರೆಯದವರ ಖಿನ್ನತೆಗೆ ಮಾತಿನ ಚಿಕಿತ್ಸೆ

ಟೈಪ್ 1 ಮಧುಮೇಹ, ಮೂರ್ಛೆರೋಗ, ಅಸ್ತಮಾ, ಥಲಸ್ಸೇಮಿಯಾ ಮುಂತಾದ ದೀರ್ಘಕಾಲೀನ ಕಾಯಿಲೆಯುಳ್ಳ ಹದಿಹರೆಯದವರಲ್ಲಿ ಖಿನ್ನತೆಯು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಕಾಯಿಲೆಯ ಮಗು ಬೇಸರದಿಂದಿರುವುದು ಸಹಜವೆಂದು ಭಾವಿಸಿ ಇದನ್ನು ಕಡೆಗಣಿಸಬಾರದು. ಖಿನ್ನತೆಯು ಪ್ರತ್ಯೇಕ ಕಾಯಿಲೆಯಾಗಿದ್ದು, ಅದಕ್ಕೆ ಚಿಕಿತ್ಸೆ ಲಭ್ಯವಿರುತ್ತದೆ.

ಗುರುತಿಸುವ ಬಗೆ:
ಆಯಾಸ, ನಿದ್ರಾಹೀನತೆ ಹಾಗೂ ಹಸಿವಿನ ವ್ಯತ್ಯಾಸ ಮೂಲ ಕಾಯಿಲೆಯಿಂದಲೂ ಉಂಟಾಗಬಹುದು. ಆದುದರಿಂದ ಈ ಕೆಳಗಿನ ಲಕ್ಷಣಗಳು ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿದಲ್ಲಿ ವೈದ್ಯರ ಗಮನಕ್ಕೆ ತರತಕ್ಕದ್ದು.
1. ಮೊದಲು ಪ್ರಿಯವಾಗಿದ್ದ ಆಟ, ಓದು, ಗೆಳೆತನಗಳಲ್ಲಿ ನಿರಾಸಕ್ತಿ
2. ಸದಾ ಸಿಡುಕು ಅಥವಾ ದುಃಖ
3. ತಾನು ಮನೆಯವರಿಗೆ ಹೊರೆಯೆಂಬ ಮಾತು
4. ಇನ್ಸುಲಿನ್ ಅಥವಾ ಮಾತ್ರೆಗಳನ್ನು ಬೇಕೆಂದೇ ತಪ್ಪಿಸುವುದು

ಕೊನೆಯ ಲಕ್ಷಣವನ್ನು ಹಠವೆಂದು ತಿಳಿದು ದಂಡಿಸಬಾರದು. ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ತಪ್ಪಿದಲ್ಲಿ ಪ್ರಾಣಾಪಾಯ ಸಂಭವಿಸಬಹುದು.

ಚಿಕಿತ್ಸೆಯ ಕ್ರಮ:
ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಕೆಲವು ವಾರಗಳವರೆಗೆ ಮಗುವಿನೊಡನೆ ಮಾತನಾಡುತ್ತಾರೆ. ಇದು ಬುದ್ಧಿವಾದವಲ್ಲ. ಸಿ.ಬಿ.ಟಿ. ಎಂಬ ವಿಧಾನದಲ್ಲಿ, ರಕ್ತದ ಸಕ್ಕರೆ ಏರಿದ ಮಾತ್ರಕ್ಕೆ ತನ್ನಿಂದ ಏನೂ ಆಗದೆಂಬಂತಹ ಯೋಚನೆ ಎಷ್ಟು ನಿಜವೆಂಬುದನ್ನು ಮಗುವೇ ಪರಿಶೀಲಿಸಲು ಕಲಿಯುತ್ತದೆ. ಶಕ್ತಿಗೆ ತಕ್ಕ ಸಣ್ಣ ಚಟುವಟಿಕೆಗಳನ್ನು ಮರಳಿ ಆರಂಭಿಸುತ್ತದೆ. ಮಗುವಿನ ಮಾತುಗಳನ್ನು ಗೌಪ್ಯವಾಗಿಡಲಾಗುವುದು. ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ ಪೋಷಕರಿಗೆ ತಿಳಿಸಲಾಗುವುದು. ಖಿನ್ನತೆ ತೀವ್ರವಾಗಿದ್ದಲ್ಲಿ ಮನೋವೈದ್ಯರು ಔಷಧಿಯನ್ನೂ ಸೂಚಿಸಬಹುದು. ಮೂಲ ಕಾಯಿಲೆಯ ಔಷಧಿಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ಸೇವೆ ದೊರೆಯುವ ಸ್ಥಳಗಳು:
1. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ
2. ಸರ್ಕಾರಿ ಆಸ್ಪತ್ರೆಗಳಲ್ಲಿರುವ ಹದಿಹರೆಯದವರ ಸ್ನೇಹ ಕ್ಲಿನಿಕ್
3. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗ
4. 2022ರ ಅಕ್ಟೋಬರ್ 10ರಂದು ಆರಂಭಗೊಂಡ ಟೆಲಿ ಮಾನಸ್ ಉಚಿತ ದೂರವಾಣಿ: 14416 (ದಿನದ 24 ಗಂಟೆ, ಕನ್ನಡದಲ್ಲಿಯೂ ಲಭ್ಯ)

ಭೇಟಿಯ ವೇಳೆ ಮೂಲ ಕಾಯಿಲೆಯ ದಾಖಲೆಗಳನ್ನು ಹಾಗೂ ಸೇವಿಸುತ್ತಿರುವ ಔಷಧಿಗಳ ಪಟ್ಟಿಯನ್ನು ತರತಕ್ಕದ್ದು. ಮನೋವೈದ್ಯರು ನೀಡುವ ಔಷಧಿ ಅವುಗಳೊಂದಿಗೆ ಹೊಂದಿಕೆಯಾಗುವುದೇ ಎಂಬುದನ್ನು ನೋಡಲು ಇದು ಅವಶ್ಯಕ.

ವಿಶೇಷ ಸೂಚನೆ:
ಮಗು ಸಾಯುವ ಮಾತನ್ನಾಡಿದಲ್ಲಿ ಒಂಟಿಯಾಗಿ ಬಿಡಬಾರದು. ಇನ್ಸುಲಿನ್ ಮತ್ತು ಮಾತ್ರೆಗಳನ್ನು ಹಿರಿಯರು ತಮ್ಮ ವಶದಲ್ಲಿಟ್ಟುಕೊಂಡು, ನಿಗದಿತ ವೇಳೆಗೆ ತಾವೇ ನೀಡತಕ್ಕದ್ದು. ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಮಗುವನ್ನು ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆತರಲು ಪೋಷಕರನ್ನು ಕೋರಲಾಗಿದೆ.