ಬೆಟ್ಟದ ಗಿಡ್ಡ ಮರಗಳ ಕತೆ

ಬಂಡೆಯ ಸಂದಿನಲ್ಲಿ ಹುಟ್ಟಿದ ಮರ ನೂರು ವರ್ಷವಾದರೂ ಮೊಣಕಾಲೆತ್ತರ ದಾಟದೆ ಇರುವುದುಂಟು. ಮಣ್ಣು ಕಡಿಮೆ, ಗಾಳಿ ಜಾಸ್ತಿ, ಬೆಳೆಯೋದಾದರೂ ಹೇಗೆ? ಇಂಥ ಮರವನ್ನು ಬೇರುಸಹಿತ ತಂದು ಕುಂಡದಲ್ಲಿ ಸಾಕುವುದು ಜಪಾನಿನಲ್ಲಿ ಹಳೆಯ ಪದ್ಧತಿ. ಕುಂಡದ ಮರಕ್ಕೆ ಅಲ್ಲಿ ಬೋನ್ಸಾಯ್ ಅಂತಾರೆ. 1309ರ ಒಂದು ಚಿತ್ರಸುರುಳಿಯಲ್ಲೇ ಕುಂಡದ ಮರಗಳನ್ನು ಕಾಣಬಹುದು.

ಷಿಕೋಕು ದ್ವೀಪದ ಇಷಿಜುಚಿ ಬೆಟ್ಟದಲ್ಲಿ ಶಿಂಪಾಕು ಎಂಬ ಮರವುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದರ ಚೆಲುವು ಪೇಟೆಗೆ ತಿಳಿಯಿತು. ಜನ ಹಗ್ಗಕ್ಕೆ ಜೋತುಬಿದ್ದು, ಜೀವದ ಹಂಗು ತೊರೆದು ಕಡಿದಾದ ಬಂಡೆಗಳಿಂದ ಮರ ಕಿತ್ತರು. 1925ರಲ್ಲಿ ಓಮಿಯಾದಲ್ಲಿ ಬೋನ್ಸಾಯ್ ಬೆಳೆಗಾರರದೇ ಒಂದು ಊರು ನೆಲೆಗೊಂಡಿತು. ಪೇಟೆ ಬೆಳೆಯಿತು, ಬೆಟ್ಟ ಬರಿದಾಯಿತು. ಬೆಟ್ಟ ಇನ್ನೂರು ವರ್ಷ ಸಾಕಿದ್ದನ್ನು ಗುದ್ದಲಿ ಒಂದೇ ದಿನದಲ್ಲಿ ಮುಗಿಸಿತು, ನೋಡಿ.

ಕೊನೆಗೆ ಬೆಳೆಗಾರರು, ನಾವು ಹಿಪ್ಪುನೇರಳೆ ನೆಡುವಂತೆ, ಶಿಂಪಾಕುವಿನ ಕಡ್ಡಿ ನೆಟ್ಟು ಸಸಿ ಮಾಡತೊಡಗಿದರು. ಇಂದು ಹೆಚ್ಚಿನವು ಹಾಗೆ ಬೆಳೆಸಿದವೇ.

ನಿಮ್ಮ ಮಕ್ಕಳಿಗೂ ಇಂಥ ಮರ ಸಾಕುವ ಆಸೆಯಾದರೆ ಗುಡ್ಡಕ್ಕೆ ಹೋಗುವುದು ಬೇಡ. ಮನೆಗೋಡೆ, ಬಾವಿಕಟ್ಟೆ ಸೀಳುತ್ತಿರುವ ಆಲ, ಅರಳಿ ಸಸಿಗಳನ್ನು ಬಿಡಿಸಿ ಕುಂಡಕ್ಕೆ ನೆಡಲಿ. ಗೋಡೆಯೂ ಉಳಿದೀತು, ಗುಡ್ಡವೂ ಉಳಿದೀತು.